ನೀವು ಕೇಳಿದಿರಿ: ಗುಡ್ಡ ಕುಸಿದ ಊರಿಗೆ ಯಾವ ವಾಕ್ಯ ಒಯ್ಯಬೇಕು?

ಮುಂಗಾರು ಹಿಡಿದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬದಲಾಗುತ್ತದೆ. ಬೇಸಿಗೆಯಲ್ಲಿ ಮದುವೆ, ದೀಕ್ಷಾಸ್ನಾನ, ದಶಮಾಂಶ. ಜುಲೈ ಬಂತೆಂದರೆ ನೆರೆ, ಗುಡ್ಡಕುಸಿತ, ಕಡೇ ದಿನಗಳು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ. ವಾಕ್ಯಗಳನ್ನು ನಮ್ಮ ಮಾತಿನಲ್ಲಿ ಹೇಳಿದ್ದೇವೆ. ಅಧ್ಯಾಯ, ವಚನ ಕೊಟ್ಟಿರುವುದು ನೀವು ಮನೆಯ ಸತ್ಯವೇದ ತೆರೆದು ನೋಡಲಿ ಎಂದೇ.

ಭೂಕಂಪಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ, ಮತ್ತಾಯ 24 ಕಣ್ಣೆದುರೇ ನೆರವೇರುತ್ತಿದೆ ಎಂದು ನಮ್ಮ ಪ್ರಾರ್ಥನಾ ಕೂಟದಲ್ಲಿ ಹೇಳುತ್ತಾರೆ. ಹೌದೇ?
ವಾಚಕರು, ಕಲಬುರಗಿ

ಇಲ್ಲಿ ಎರಡು ಮಾತು ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಲೆಕ್ಕದ್ದು, ಇನ್ನೊಂದು ವಾಕ್ಯದ್ದು.

ಲೆಕ್ಕ ಮೊದಲು. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಬಳಿ 1900ರಿಂದೀಚಿನ ದಾಖಲೆ ಇದೆ. ಅದರಂತೆ 7 ಮತ್ತು ಅದಕ್ಕೂ ಮೇಲಿನ ತೀವ್ರತೆಯ ಭೂಕಂಪ ಜಗತ್ತಿನಲ್ಲಿ ವರ್ಷಕ್ಕೆ ಸರಾಸರಿ 16. 1989ರಲ್ಲಿ ಬರೀ 6 ಆಗಿದ್ದವು, 2010ರಲ್ಲಿ 23. ಏರಿಳಿತ ಇದೆ, ಏರುತ್ತಲೇ ಹೋಗಿಲ್ಲ. ಹೆಚ್ಚಿರುವುದು ಅಳೆಯುವ ಯಂತ್ರಗಳು. 1931ರಲ್ಲಿ ಸುಮಾರು 350 ಕಂಪನಮಾಪನ ಕೇಂದ್ರಗಳಿದ್ದವು, ಈಗ ಸಾವಿರಗಟ್ಟಲೆ ಇವೆ. ಹಿಂದೆ ಯಾರ ಗಮನಕ್ಕೂ ಬಾರದೆ ಹೋಗುತ್ತಿದ್ದ ಸಣ್ಣ ನಡುಕವೂ ಇವತ್ತು ಚಹಾ ಆರುವುದರೊಳಗೆ ಫೋನಿಗೆ ಬಂದು ಬೀಳುತ್ತದೆ.

ಹೆಚ್ಚಿರುವ ಇನ್ನೊಂದು, ಕುಸಿಯುವಂಥ ಮನೆಗಳಲ್ಲಿ ಮಲಗುವ ಜನ. ನಿಮ್ಮ ಕಡೆಯವರು 1993ರ ಸೆಪ್ಟೆಂಬರ್ 30 ಮರೆತಿರಲಾರರು. ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಮುಂಚೆ ಆದದ್ದು 6.2ರ ಕಂಪನ. ಜಗತ್ತಿನ ಲೆಕ್ಕದಲ್ಲಿ ಅದು ದೊಡ್ಡದೇ ಅಲ್ಲ. ಆದರೆ ಮಣ್ಣಿನಲ್ಲಿ ಕೂರಿಸಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಭಾರದ ಮಣ್ಣಿನ ಮಾಳಿಗೆ, ಒಳಗೆ ನಿದ್ದೆಯಲ್ಲಿದ್ದ ಸಂಸಾರಗಳು. ಹತ್ತು ಸಾವಿರದ ಹತ್ತಿರ ಜನ ಸತ್ತರು.

ಇನ್ನು ವಾಕ್ಯ. ಮತ್ತಾಯ 24ನ್ನು ಏಳನೇ ವಚನದಿಂದ ಓದಲು ಶುರುಮಾಡುವುದೇ ಎಡವಟ್ಟಿನ ಮೂಲ. ಒಂದರಿಂದ ಓದಿ. ಯೇಸು ದೇವಾಲಯ ತೋರಿಸಿ, ಇಲ್ಲಿ ಕಲ್ಲಿನ ಮೇಲೆ ಕಲ್ಲು ಉಳಿಯದು ಎನ್ನುತ್ತಾನೆ. ಶಿಷ್ಯರು ಅದು ಯಾವಾಗ, ನಿನ್ನ ಬರೋಣಕ್ಕೆ ಗುರುತೇನು ಎಂದು ಒಂದೇ ಉಸಿರಿಗೆ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು ಕ್ರಿ.ಶ. 70ರಲ್ಲಿ ರೋಮನ್ ಸೈನ್ಯದ ಕೈಯಲ್ಲಿ ಮುಗಿಯಿತು. ಉತ್ತರದಲ್ಲಿ ಆತನ ಮೊದಲ ಮಾತು ಭೂಕಂಪದ್ದಲ್ಲ: ಯಾರೂ ನಿಮ್ಮನ್ನು ಮೋಸಗೊಳಿಸದಂತೆ ನೋಡಿಕೊಳ್ಳಿ (24:4). ಆಮೇಲೆ ಯುದ್ಧದ ಸುದ್ದಿ ಕೇಳಿ ಕಳವಳಪಡಬೇಡಿ, ಅಂತ್ಯ ಇನ್ನೂ ಬಂದಿಲ್ಲ (24:6). ಬರ, ಭೂಕಂಪ ಬರುವುದು ಅದಾದ ಮೇಲೆ. ಇವೆಲ್ಲ ಪ್ರಸವವೇದನೆಯ ಆರಂಭ ಎಂಬ ಮಾತು ಎಂಟನೆಯ ವಚನದಲ್ಲಿದೆ.

ಬೇನೆ ಶುರುವಾದರೆ ಮಗು ಬರುತ್ತದೆ ಎಂಬುದು ಖಾತ್ರಿ, ಯಾವ ಗಳಿಗೆಗೆ ಎಂಬುದಲ್ಲ. ಆ ಮನೆಯಲ್ಲಿ ಪಂಚಾಂಗ ಹಿಡಿದು ಕೂತವರಿಂದ ಹೆರುವವಳಿಗೆ ಉಪಯೋಗವಿಲ್ಲ. ನೀರು ಕಾಯಿಸುವವರು, ಗಾಡಿ ಕರೆಸುವವರು ಬೇಕು. ಪೌಲನೂ ಸೃಷ್ಟಿಯ ನರಳಾಟಕ್ಕೆ ಇದೇ ಉಪಮೆ ಕೊಟ್ಟಿದ್ದಾನೆ (ರೋಮ 8:22).

ಇದನ್ನು ಮೊದಲು ಓದಿದವರಿಗೆ ಭೂಕಂಪ ಹೊಸ ಸುದ್ದಿಯಾಗಿರಲಿಲ್ಲ. ಕ್ರಿ.ಶ. 17ರಲ್ಲಿ ರೋಮಿನ ಏಷ್ಯಾ ಪ್ರಾಂತ್ಯದ (ಈಗಿನ ಟರ್ಕಿ) ಹನ್ನೆರಡು ಪಟ್ಟಣಗಳು ಒಂದೇ ರಾತ್ರಿ ನೆಲಕಚ್ಚಿದವು. ಸಾರ್ದಿಸ್, ಫಿಲದೆಲ್ಫಿಯ ಅವುಗಳಲ್ಲಿ ಸೇರಿವೆ. ಫಿಲದೆಲ್ಫಿಯದ ಗೋಡೆಗಳು ಸದಾ ಬಿರುಕು ಬಿಡುತ್ತವೆ, ಜನ ಊರು ಬಿಟ್ಟು ಹೊಲಗಳಲ್ಲೇ ಇರುತ್ತಾರೆ ಎಂದು ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಈಗ ಪ್ರಕಟನೆ 3:12 ಓದಿ. ಅದೇ ಊರಿನ ಸಭೆಗೆ ಸಿಕ್ಕ ವಾಗ್ದಾನ: ಜಯಹೊಂದುವವನನ್ನು ದೇವಾಲಯದ ಕಂಬವಾಗಿ ನಿಲ್ಲಿಸುವೆನು, ಅವನು ಇನ್ನೆಂದೂ ಹೊರಗೆ ಹೋಗಬೇಕಾಗಿಲ್ಲ. ನೆಲ ನಡುಗಿದಾಗಲೆಲ್ಲ ಹೊರಗೆ ಓಡುತ್ತಿದ್ದವರಿಗೆ ಈ ಮಾತು ಹೇಗೆ ಕೇಳಿಸಿರಬೇಕು! ಲವೊದಿಕೀಯ ಕ್ರಿ.ಶ. 60ರಲ್ಲಿ ಬಿದ್ದು, ರೋಮಿನ ನೆರವಿಲ್ಲದೆ ಸ್ವಂತ ದುಡ್ಡಿನಲ್ಲೇ ಎದ್ದು ನಿಂತ ಪಟ್ಟಣ. ನಾನು ಐಶ್ವರ್ಯವಂತ, ನನಗೇನೂ ಕೊರತೆಯಿಲ್ಲ ಎಂಬ ಅದರ ಜಂಬವನ್ನು 3:17 ಎತ್ತಿ ಆಡುತ್ತದೆ. ಪ್ರಕಟನೆಯನ್ನು ನಾಳೆಯ ಪತ್ರಿಕೆಯ ಹಾಗೆ ಓದುವವರಿಗೆ ಇಂಥವು ಕಣ್ಣಿಗೇ ಬೀಳುವುದಿಲ್ಲ.

ಗುಡ್ಡ ಕುಸಿದು ಸತ್ತವರ ಬಗ್ಗೆ ನಮ್ಮ ಸಭೆಯ ಹಿರಿಯರೊಬ್ಬರು "ಆ ಊರಿನ ಪಾಪದ ಫಲ" ಎಂದುಬಿಟ್ಟರು. ಹಿರಿಯರು, ಎದುರು ಮಾತಾಡಲು ಆಗಲಿಲ್ಲ. ದೇವರು ದಂಡಿಸುವುದೇ ಇಲ್ಲವೇ?
ವಾಚಕಿ, ಸಕಲೇಶಪುರ

ಅವರಿಗೆ ಎದುರು ಮಾತಾಡಬೇಡಿ, ಲೂಕ 13:1-5 ಓದಿ ಕೊಡಿ. ಸಿಲೋವದ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಿದ್ದರು. ಯೆರೂಸಲೇಮಿನ ಮಿಕ್ಕವರಿಗಿಂತ ಅವರು ಹೆಚ್ಚು ಪಾಪಿಗಳೆಂದು ಭಾವಿಸುತ್ತೀರೋ ಎಂದು ಯೇಸು ಕೇಳಿ, ಅಲ್ಲ ಎಂದು ತಾನೇ ಉತ್ತರಿಸುತ್ತಾನೆ. ಅಷ್ಟಕ್ಕೇ ಬಿಡದೆ, ನೀವು ಮಾನಸಾಂತರಪಡಿರಿ ಎಂದು ಕೇಳುತ್ತ ನಿಂತವರ ಕಡೆಗೇ ಬೆರಳು ತಿರುಗಿಸುತ್ತಾನೆ. ಯೋಹಾನ 9ರಲ್ಲಿ ಹುಟ್ಟು ಕುರುಡನ ವಿಷಯದಲ್ಲೂ ಹೀಗೆಯೇ: ಇವನ ಪಾಪವೂ ಅಲ್ಲ, ತಂದೆತಾಯಿಗಳದ್ದೂ ಅಲ್ಲ.

ದೇವರು ದಂಡಿಸುವುದೇ ಇಲ್ಲ ಎಂದೂ ಹೇಳಲಾಗದು. ಮಳೆ ತಡೆದೆನು, ಬೆಳೆಗೆ ಕಾಡಿಗೆ ರೋಗ ತಂದೆನು ಎಂದು ಆಮೋಸ 4ರಲ್ಲಿ ನೇರವಾಗಿಯೇ ಇದೆ. ಆದರೆ ಆಮೋಸನ ಬಗೆ ನೋಡಿ. ಅವನು ಮಾತಾಡಿದ್ದು ಭೂಕಂಪಕ್ಕೆ ಎರಡು ವರ್ಷ ಮುಂಚೆ (1:1). ಮಾತಾಡಿದ್ದು ದೇವರ ಒಡಂಬಡಿಕೆಯೊಳಗಿನ ಜನಕ್ಕೆ, ಅವರ ಮುಖಕ್ಕೆ. ಪಾಪವನ್ನೂ ಹೆಸರಿಟ್ಟು ಹೇಳಿದ: ಒಂದು ಜೊತೆ ಕೆರಕ್ಕೆ ಬಡವನನ್ನು ಮಾರಿದಿರಿ (2:6). ದುರಂತ ಆದ ಮೇಲೆ, ದೂರದ ಊರಿನವರ ಬಗ್ಗೆ, ಯಾವ ಪಾಪ ಎಂದೂ ಹೇಳದೆ ತೀರ್ಪು ಕೊಡುವುದು ಪ್ರವಾದಿಯ ಕೆಲಸವಲ್ಲ, ಯೋಬನ ಸ್ನೇಹಿತರ ಕೆಲಸ. ಕೊನೆಯಲ್ಲಿ ದೇವರು ಸಿಟ್ಟಾದದ್ದು ಅವರ ಮೇಲೆಯೇ (ಯೋಬ 42:7).

ಆ ಲೆಕ್ಕಾಚಾರ ಎಲ್ಲಿ ಮುರಿದುಬೀಳುತ್ತದೆ ಎಂಬುದಕ್ಕೆ ಪೋರ್ಚುಗಲ್ಲಿನ ರಾಜಧಾನಿ ಲಿಸ್ಬನ್ ಸಾಕು. 1755ರ ನವೆಂಬರ್ 1, ಸಕಲ ಸಂತರ ಹಬ್ಬ. ಬೆಳಿಗ್ಗೆ ಸುಮಾರು 9.40ಕ್ಕೆ ನೆಲ ಅದುರಿದಾಗ ಜನ ಇದ್ದದ್ದು ಚರ್ಚುಗಳಲ್ಲಿ. ಹಬ್ಬಕ್ಕೆ ಹಚ್ಚಿದ ಮೇಣದಬತ್ತಿಗಳು ಉರುಳಿ ಊರು ದಿನಗಟ್ಟಲೆ ಉರಿಯಿತು, ನಡುವೆ ಸಮುದ್ರವೂ ನುಗ್ಗಿತು. ದೊಡ್ಡ ದೊಡ್ಡ ಚರ್ಚುಗಳು ಬಿದ್ದವು, ಕಲ್ಲುನೆಲದ ಮೇಲಿದ್ದ ಅಲ್ಫಾಮದ ಸೂಳೆಗೇರಿ ಬಹುಪಾಲು ಉಳಿಯಿತು. ಪಾಪವೊಂದೇ ಕಾರಣ ಎಂದು ಮಲಗ್ರಿಡ ಎಂಬ ಪಾದ್ರಿ ಸಾರಿದರು. ಮಂತ್ರಿ ಪೊಂಬಾಲ್ ಪ್ರತಿ ಧರ್ಮಕೇಂದ್ರದ ಗುರುಗಳಿಗೂ ಒಂದು ಪ್ರಶ್ನಾವಳಿ ಕಳಿಸಿದ: ಎಷ್ಟು ಹೊತ್ತು ನಡುಗಿತು, ಸಮುದ್ರ ಮೊದಲು ಏರಿತೋ ಇಳಿಯಿತೋ, ಆಮೇಲೆ ಎಷ್ಟು ಸಲ ಅದುರಿತು. ಆ ಉತ್ತರಗಳನ್ನು ಬರೆದವರೂ ಪಾದ್ರಿಗಳೇ. ಇವತ್ತಿಗೂ ವಿಜ್ಞಾನಿಗಳು ಓದುವುದು ಅವನ್ನು. ಹೊಸ ಮನೆಗಳ ಗೋಡೆಯೊಳಗೆ ಮರದ ಪಂಜರ ಕೂರಿಸಿದರು, ಮಾದರಿಯ ಸುತ್ತ ಸೈನಿಕರನ್ನು ಕಾಲು ಬಡಿದು ನಡೆಸಿ ಪರೀಕ್ಷಿಸಿದರು. ನಮ್ಮ ಕಾಲಕ್ಕೆ ಬಂದರೆ, 2004ರ ಡಿಸೆಂಬರ್ 26ರ ಭಾನುವಾರ ವೇಳಾಂಕಣಿಯ ಕಡಲ ದಂಡೆಯಲ್ಲಿ ಸುನಾಮಿಗೆ ಸಿಕ್ಕವರು ಕ್ರಿಸ್ಮಸ್‌ಗೆ ಬಂದ ಯಾತ್ರಿಕರು.

ಪಾಪದ ಮಾತು ಆಡಲೇಬೇಕೆಂದರೆ ಧರ್ಮೋಪದೇಶಕಾಂಡ 22:8ರಿಂದ ಶುರುಮಾಡಲಿ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿಗೋಡೆ ಕಟ್ಟಬೇಕು. ಯಾರಾದರೂ ಬಿದ್ದು ಸತ್ತರೆ ಆ ರಕ್ತದ ಹೊಣೆ ಮನೆಯ ಮೇಲೆ. ಜೆಸಿಬಿ ತಂದು ಗುಡ್ಡವನ್ನು ಗೋಡೆಯ ಹಾಗೆ ನೆಟ್ಟಗೆ ಕಡಿದು, ಮೇಲಿನಿಂದ ಇಳಿಯುವ ನೀರಿಗೆ ಚರಂಡಿ ಬಿಡದೆ, ಕೆಳಗೆ ರಸ್ತೆಯನ್ನೋ ಮನೆಯನ್ನೋ ಮಾಡಿದರೆ ಮಣ್ಣು ನೀರು ಕುಡಿದು ಜಾರುತ್ತದೆ. 2018ರಲ್ಲಿ ಕೊಡಗು, 2024ರ ಜುಲೈ 16ರಂದು ಅಂಕೋಲದ ಶಿರೂರು, ಅದೇ ತಿಂಗಳ 30ರಂದು ವಯನಾಡು. ಎಲ್ಲ ಕಡೆ ಕಾರಣ ಒಂದೇ ಅಲ್ಲ. ಆದರೆ ಕಡಿದವರು ಒಬ್ಬರು, ಮಣ್ಣಿನಡಿ ಸಿಕ್ಕವರು ಇನ್ನೊಬ್ಬರು ಆಗುವುದೇ ಹೆಚ್ಚು. ಹಿರಿಯರು ಈ ಪಾಪವನ್ನು ಹೆಸರಿಟ್ಟು ಹೇಳಿದರೆ ಆಮೋಸನ ಸಾಲಿಗೆ ಬರುತ್ತಾರೆ.

"ಇಂಥ ತಿಂಗಳಲ್ಲಿ ಬೆಂಗಳೂರು ನಾಶವಾಗುತ್ತದೆ, ಕರ್ತನು ತೋರಿಸಿದ್ದಾನೆ" ಎಂಬ ಧ್ವನಿಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ನಂಬದಿದ್ದರೆ ಪ್ರವಾದನೆಯನ್ನು ತಿರಸ್ಕರಿಸಿದಂತೆ ಆಗುತ್ತದೆಯೇ?
ವಾಚಕರು, ಕೆಜಿಎಫ್

ಆಗುವುದಿಲ್ಲ. ಪ್ರವಾದನೆಗಳನ್ನು ಹೀನೈಸಬೇಡಿ ಎಂದ ಪೌಲನೇ ಮರು ಮಾತಿನಲ್ಲಿ ಎಲ್ಲವನ್ನೂ ಪರಿಶೋಧಿಸಿ ಎಂದಿದ್ದಾನೆ (1 ಥೆಸಲೋನಿಕ 5:20-21). ಪರಿಶೋಧಿಸುವುದೇ ಗೌರವ.

ಮೊದಲು ಮಾತಾಡಿದವರು ಯಾರು, ಯಾವ ಸಭೆಗೆ ಉತ್ತರ ಕೊಡಬೇಕಾದವರು ಎಂದು ಕೇಳಿ. ಹೆಸರಿಲ್ಲದ ಧ್ವನಿಯಾದರೆ ಅಲ್ಲಿಗೇ ನಿಲ್ಲಿಸಿ, ಮುಂದೆ ಕಳಿಸಬೇಡಿ. ಹೆಸರಿದ್ದರೆ ಸಂದೇಶವನ್ನು ತಾರೀಖು ಸಮೇತ ಬರೆದಿಟ್ಟುಕೊಳ್ಳಿ. ಧರ್ಮೋಪದೇಶಕಾಂಡ 18:22ರ ಅಳತೆಗೋಲು ಸರಳ: ಹೇಳಿದ್ದು ನಡೆಯದಿದ್ದರೆ ಅದು ಕರ್ತನ ಮಾತಲ್ಲ. ಬರೆದಿಡುವುದು ಯಾಕೆಂದರೆ ನಡೆಯದೆ ಹೋದಾಗ "ನಾಶ ಎಂದರೆ ಆತ್ಮಿಕ ನಾಶ" ಎಂಬ ತಿದ್ದುಪಡಿ ಬರುತ್ತದೆ. ಮಾತು ಎಷ್ಟು ಖಚಿತವಾಗಿದೆ ಎಂಬುದನ್ನೂ ನೋಡಿ. "ಒಂದು ದೊಡ್ಡ ನಗರದಲ್ಲಿ ನೀರಿನಿಂದ ತೊಂದರೆ" ಎಂಬುದಕ್ಕೆ ದರ್ಶನ ಬೇಕಿಲ್ಲ, ಬೆಂಗಳೂರಿನ ಯಾವ ಆಟೋದವರನ್ನು ಕೇಳಿದರೂ ಹೇಳುತ್ತಾರೆ. ಕೊನೆಗೆ, ಸಂದೇಶ ಏನು ಕೇಳುತ್ತಿದೆ? ಮಾನಸಾಂತರವನ್ನೋ, ಖಾತೆ ಸಂಖ್ಯೆ ಕೊಟ್ಟು ಕಾಣಿಕೆಯನ್ನೋ?

"ಯೋನ ಹೇಳಿದ್ದೂ ನಡೆಯಲಿಲ್ಲವಲ್ಲ" ಎಂದು ಯಾರಾದರೂ ಕೇಳಬಹುದು. ನಿನೆವೆಗೆ ನಲವತ್ತು ದಿನದ ಗಡುವು ಇತ್ತು, ಜನ ತಿರುಗಿಕೊಂಡರು, ಊರು ಉಳಿಯಿತು. ಎಚ್ಚರಿಕೆಯ ಪ್ರವಾದನೆಯಲ್ಲಿ ಷರತ್ತು ಅಡಗಿರುತ್ತದೆ ಎಂದು ಯೆರೆಮೀಯ 18:7-8 ಬಿಡಿಸಿ ಹೇಳುತ್ತದೆ. ಅಲ್ಲಿ ರಾಜನೇ ಗೋಣಿತಟ್ಟು ಉಟ್ಟು ಬೂದಿಯಲ್ಲಿ ಕೂತ. ಯಾರೂ ಏನೂ ಮಾಡದೆ ದಿನ ಕಳೆದುಹೋದರೆ ಅದಕ್ಕೆ ಯೋನನ ಆಸರೆ ಸಿಗುವುದಿಲ್ಲ.

ತಾರೀಖು ಹೇಳಿ ಕೆಟ್ಟವರ ಪಟ್ಟಿ ಉದ್ದವಿದೆ. ಲೂಥರನ ಗೆಳೆಯ ಮಿಖಾಯೆಲ್ ಸ್ಟೀಫೆಲ್ ಒಳ್ಳೆಯ ಗಣಿತಜ್ಞ. 1533ರ ಅಕ್ಟೋಬರ್ 19, ಬೆಳಿಗ್ಗೆ ಎಂಟಕ್ಕೆ ಲೋಕಾಂತ್ಯ ಎಂದ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕಾದರು; ಕೆಲವರು ಬೆಳೆಯನ್ನು ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರು. ಅಮೆರಿಕದ ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದು ಹಲಗೆ ಬರೆಸಿದರು. ಅದು ದಾಟಿದ ಮೇಲೆ ಅಕ್ಟೋಬರ್ 21ಕ್ಕೆ ಮುಂದೂಡಿದರು. ಮೂವರೂ ಸತ್ಯವೇದ ಚೆನ್ನಾಗಿ ಓದಿದವರೇ. ಎಡವಿದ್ದು ಒಂದೇ ಕಡೆ: ಸತ್ಯವೇದದ ಸಂಖ್ಯೆಗಳನ್ನು ಕೂಡಿ ಗುಣಿಸುವ ಉತ್ಸಾಹದಲ್ಲಿ ಮತ್ತಾಯ 24:36 ಮತ್ತು ಅಪೊಸ್ತಲರ ಕೃತ್ಯಗಳು 1:7 ಅವರಿಗೆ ಲೆಕ್ಕಕ್ಕೇ ಬರಲಿಲ್ಲ. ಆ ದಿನ ಗಳಿಗೆ ತಂದೆಗೆ ಹೊರತು ಯಾರಿಗೂ ತಿಳಿಯದು.

ನಿಜವಾದ ಪ್ರವಾದಿ ನಾಶದ ಮಾತಾಡಿದ ಮೇಲೆ ಏನು ಮಾಡಿದ ಗೊತ್ತೇ? ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿರುವಾಗ ಯೆರೆಮೀಯ ಅನಾತೋತಿನಲ್ಲಿ ಹದಿನೇಳು ಶೆಕೆಲ್ ಬೆಳ್ಳಿಗೆ ಒಂದು ಹೊಲ ಕೊಂಡ. ಸಾಕ್ಷಿ ಹಾಕಿಸಿ, ಮುದ್ರೆ ಒತ್ತಿಸಿ, ಕ್ರಯಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸಿದ (32:9-14). ನಾಶದ ಆಚೆಗೂ ಇಲ್ಲಿ ಹೊಲ ಮನೆ ಮಾರಾಟವಾಗುತ್ತದೆ ಎಂಬುದೇ ಅವನ ಪ್ರವಾದನೆ. ಬೆಂಗಳೂರಿನ ಸೈಟು ಮಾರಲು ಹೊರಟವರಿಗೆ ಈ ಅಧ್ಯಾಯ ಕಳಿಸಿ.

ಕೀರ್ತನೆ 91 ಬಾಗಿಲಿಗೆ ಅಂಟಿಸಿ ಪ್ರತಿದಿನ ಓದುತ್ತೇವೆ. ಆಪತ್ತಿಗೆ ಮುಂಚಿತವಾಗಿ ಸಿದ್ಧತೆ, ವಿಮೆ ಎಂದೆಲ್ಲ ಮಾಡಿದರೆ ಅವಿಶ್ವಾಸವಲ್ಲವೇ?
ವಾಚಕಿ, ಬೆಳಗಾವಿ

ಕೀರ್ತನೆ 91ನ್ನು ಓದಿ, ಆದರೆ ಅದನ್ನು ಸುವಾರ್ತೆಗಳಲ್ಲಿ ಬಾಯಿಪಾಠ ಒಪ್ಪಿಸಿದವನು ಸೈತಾನ ಎಂಬುದು ನೆನಪಿರಲಿ. ದೇವಾಲಯದ ಶಿಖರದಿಂದ ಧುಮುಕು, ದೂತರು ಎತ್ತಿಕೊಳ್ಳುತ್ತಾರೆ ಎಂದ (ಮತ್ತಾಯ 4:6). ಯೇಸು ಧುಮುಕಲಿಲ್ಲ.

ಯೋಸೇಫನಿಗೆ ಏಳು ವರ್ಷದ ಬರ ಬರುವುದು ದೇವರಿಂದಲೇ ಗೊತ್ತಾಯಿತು. ಅವನು ಮಾಡಿದ್ದು ಬೆಳೆಯಲ್ಲಿ ಐದನೆಯ ಒಂದು ಪಾಲನ್ನು ಕಣಜ ಸೇರಿಸುವ ಏರ್ಪಾಟು (ಆದಿಕಾಂಡ 41:34). ಕೃತ್ಯಗಳು 27ರಲ್ಲಿ ಹಡಗಿನವರ ಪ್ರಾಣಕ್ಕೆ ಹಾನಿಯಿಲ್ಲ ಎಂದು ದೂತನೇ ಪೌಲನಿಗೆ ಹೇಳಿದ್ದ. ಆದರೂ ಅವರು ಆಳ ಅಳೆದರು, ಮೊದಲು ಇಪ್ಪತ್ತು ಮಾರು, ಆಮೇಲೆ ಹದಿನೈದು. ಹಿಂಭಾಗದಿಂದ ನಾಲ್ಕು ಲಂಗರು ಬಿಟ್ಟರು. ಹೊಟ್ಟೆತುಂಬ ಉಂಡು ಗೋಧಿ ಸಮುದ್ರಕ್ಕೆ ಚೆಲ್ಲಿ ಭಾರ ಇಳಿಸಿದರು. ಕೆಲವು ನಾವಿಕರು ಸಣ್ಣ ದೋಣಿಯಲ್ಲಿ ಜಾರಿಕೊಳ್ಳಲು ನೋಡಿದಾಗ, ಇವರು ಹಡಗಿನಲ್ಲಿ ಇರದಿದ್ದರೆ ನೀವು ಉಳಿಯಲಾರಿರಿ ಎಂದು ಪೌಲನೇ ತಡೆದ. 276 ಮಂದಿಯೂ ಈಜಿ, ಹಲಗೆ ಹಿಡಿದು ದಡ ಸೇರಿದರು. ಆ ವಾಗ್ದಾನ ನೆರವೇರಿದ್ದು ಹಲಗೆಗಳ ಮೂಲಕ.

ನಿಮ್ಮ ಊರಿಗೆ ಬೇಕಾದದ್ದು ಇಷ್ಟು. ಹವಾಮಾನ ಇಲಾಖೆಯ ಬಣ್ಣದ ಭಾಷೆ ಕಲಿಯಿರಿ. 24 ಗಂಟೆಯಲ್ಲಿ 64.5 ಮಿಲಿಮೀಟರಿಂದ ಮೇಲೆ ಭಾರೀ ಮಳೆ, 115.6ರಿಂದ ಅತಿ ಭಾರೀ, 204.4 ದಾಟಿದರೆ ಅತ್ಯಂತ ಭಾರೀ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳು ಸಾಮಾನ್ಯವಾಗಿ ಇದೇ ಮೆಟ್ಟಿಲಲ್ಲಿ ಏರುತ್ತವೆ. ಹೊಳೆ ದಂಡೆಯವರು ಅಣೆಕಟ್ಟಿನಿಂದ ಬಿಡುವ ನೀರಿನ ಸುದ್ದಿಗೂ ಕಿವಿಗೊಡಬೇಕು. ನಿಮ್ಮಲ್ಲಿ ಮಳೆ ನಿಂತ ಮೇಲೂ ನೆರೆ ಏರಬಹುದು. ಪಹಣಿ, ಆಧಾರ್, ಪಾಸ್‌ಬುಕ್, ಮಕ್ಕಳ ಅಂಕಪಟ್ಟಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ, ಪ್ರತಿಗಳು ಡಿಜಿಲಾಕರಿನಲ್ಲಿರಲಿ. ಜಿಲ್ಲೆಯ ಸಹಾಯವಾಣಿ 1077. ಮನೆಗೆ ವಿಮೆ ಮಾಡಿಸುವುದಾದರೆ 2021ರಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುವ "ಭಾರತ್ ಗೃಹ ರಕ್ಷಾ" ಎಂಬ ಒಂದೇ ಮಾದರಿಯ ಪಾಲಿಸಿ ಕೇಳಿ. ನೆರೆ, ಭೂಕಂಪ, ಗುಡ್ಡಕುಸಿತ ಅದರಲ್ಲಿವೆ. ಫಸಲ್ ಬಿಮಾ ಇದ್ದು ಹೊಲಕ್ಕೆ ನೀರು ನುಗ್ಗಿದರೆ 72 ಗಂಟೆಯೊಳಗೆ ತಿಳಿಸಬೇಕು. ನೀರು ಇಳಿಯಲಿ ಎಂದು ಕಾದು ಈ ಗಡುವು ತಪ್ಪಿಸಿಕೊಳ್ಳುವವರೇ ಜಾಸ್ತಿ.

ಮಳೆಗಾಲದಲ್ಲಿ ನಿರಾಶ್ರಿತರಿಗೆ ಚರ್ಚಿನ ಸಭಾಂಗಣ ತೆರೆಯಬೇಕೆಂದಿದ್ದೇವೆ. 200 ಜನ ಹಿಡಿಯುತ್ತದೆ. ಕಾಣಿಕೆಯೂ ಬರುತ್ತಿದೆ. ಏನೇನು ನೋಡಿಕೊಳ್ಳಬೇಕು?
ಸಭಾ ಸಮಿತಿಯವರು, ಕೊಡಗು

200 ಜನ ಕೂರುವ ಸಭಾಂಗಣದಲ್ಲಿ 200 ಜನ ಮಲಗಲಾರರು. ಪರಿಹಾರ ಶಿಬಿರಗಳ ಅಂತಾರಾಷ್ಟ್ರೀಯ ಅಳತೆ ತಲೆಗೆ 3.5 ಚದರ ಮೀಟರ್. ನಿಮ್ಮದು 40 ಅಡಿಗೆ 30 ಅಡಿ ಇದ್ದರೆ 111 ಚದರ ಮೀಟರ್. ಸರಿಯಾಗಿ ಹಿಡಿಯುವುದು 31 ಮಂದಿ. ಮೊದಲ ರಾತ್ರಿ ಇಕ್ಕಟ್ಟಾದರೂ ನಡೆದೀತು, ನಾಲ್ಕನೇ ದಿನಕ್ಕೆ ಕೆಮ್ಮು, ವಾಂತಿಭೇದಿ, ಜಗಳ. ಅದಕ್ಕೂ ಮುಂಚೆ ಕಟ್ಟಡವೇ ಗುಡ್ಡದ ಬುಡದಲ್ಲಿಲ್ಲವೇ ನೋಡಿ. ಹಿಂದಿನ ಧರೆಯಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಸರಾಗಿ ಬರುವ ಒರತೆ ಕಂಡರೆ ಬಾಗಿಲು ತೆರೆಯಲೇಬೇಡಿ, ಶಾಲೆಯ ಕಟ್ಟಡ ಕೇಳಿ.

ನೀರು ತಲೆಗೆ ದಿನಕ್ಕೆ 15 ಲೀಟರ್, ಅಂದರೆ 30 ಮಂದಿಗೆ ಒಂದು 500 ಲೀಟರಿನ ಸಿಂಟೆಕ್ಸ್ ದಿನಾ ತುಂಬಬೇಕು. 20 ಜನಕ್ಕೊಂದು ಶೌಚಾಲಯ, ಹೆಂಗಸರಿಗೆ ಬೇರೆಯೇ, ಹಾದಿಗೆ ದೀಪ. ಬಾವಿಗೆ ನೆರೆಯ ನೀರು ಹೊಕ್ಕಿದ್ದರೆ ಮೊದಲು ತೋಡಿ ಹಾಕಿ, ತಿಳಿನೀರು ಊರಿದ ಮೇಲೆ ಬ್ಲೀಚಿಂಗ್ ಪೌಡರ್. ನೀರಿನ ಲೆಕ್ಕ ಹೀಗೆ: ಬಾವಿಯ ವ್ಯಾಸ ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಎರಡು ಮೀಟರ್ ವ್ಯಾಸ, ನಾಲ್ಕು ಮೀಟರ್ ನೀರು ಇದ್ದರೆ ಸುಮಾರು 12,500 ಲೀಟರ್. ತಿಳಿನೀರಿಗೆ 1000 ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 31 ಗ್ರಾಂ ಪುಡಿ. ಪುಡಿಯನ್ನು ಬಕೆಟಿನಲ್ಲಿ ಕಲಸಿ ಹತ್ತು ನಿಮಿಷ ಬಿಡಿ, ಸುಣ್ಣ ತಳಕ್ಕೆ ಕೂರಲಿ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟಿಗೆ ಬಗ್ಗಿಸಿ, ಬಾವಿಗೆ ಇಳಿಬಿಟ್ಟು ಮೇಲೆ ಕೆಳಗೆ ಆಡಿಸಿ. ಒಂದು ಗಂಟೆ ಯಾರೂ ಸೇದಬಾರದು. ಬಾಯಿ ತೆರೆದಿಟ್ಟ ಪೊಟ್ಟಣದ ಪುಡಿ ಸತ್ವ ಕಳೆದುಕೊಂಡಿರುತ್ತದೆ. ಮೂಗಿಗೆ ಘಾಟು ಹೊಡೆಯದಿದ್ದರೆ ಎಸೆಯಿರಿ. ವಾಂತಿಭೇದಿಗೆ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ.

ಹಣದ ವಿಷಯಕ್ಕೆ ಪೌಲನ ಪದ್ಧತಿ ಈಗಿನ ಆಡಿಟರೂ ಒಪ್ಪುವಂಥದ್ದು. ಯೂದಾಯದ ಬರಕ್ಕೆ ಅಂತಿಯೋಕ್ಯದವರು ಶಕ್ತಿಯಿದ್ದಷ್ಟು ಕೊಟ್ಟು ಇಬ್ಬರ ಕೈಯಲ್ಲಿ ಕಳಿಸಿದರು (ಕೃತ್ಯಗಳು 11:28-30). ಅಗಬನು ಬರದ ಪ್ರವಾದನೆ ಹೇಳಿದಾಗ ಆ ಸಭೆ ತಾರೀಖು ಕೇಳಲಿಲ್ಲ, ಚಂದಾ ಎತ್ತಿತು. ಕೊರಿಂಥದ ಹಣವನ್ನು ಪೌಲ ತಾನೊಬ್ಬನೇ ಒಯ್ಯದೆ ಸಭೆಗಳೇ ಆರಿಸಿದವರನ್ನು ಜೊತೆಗಿಟ್ಟುಕೊಂಡ, ಯಾರೂ ತಪ್ಪು ಹೊರಿಸದಿರಲಿ ಎಂದು (2 ಕೊರಿಂಥ 8:19-21). ನೀವೂ ಇಬ್ಬರು ಎಣಿಸಿ, ಇಬ್ಬರು ಸಹಿ ಮಾಡಿ, ಬಂದದ್ದು ಖರ್ಚಾದದ್ದು ಪ್ರತಿ ಭಾನುವಾರ ಬಾಗಿಲಿಗೆ ಅಂಟಿಸಿ. ವಿದೇಶದ ಹಣದಲ್ಲಿ ಎಚ್ಚರ. ಭಾರತದ ಪಾಸ್‌ಪೋರ್ಟ್ ಇರುವ ದುಬೈಯ ಮಗ ತನ್ನ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಅಣ್ಣ, ಓಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ವಿದೇಶಿ ಮೂಲವೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ, ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆ ಇಲ್ಲದ ಸಭೆ ಅವರ ಹಣ ಮುಟ್ಟಬಾರದು. 2020ರ ತಿದ್ದುಪಡಿಯ ನಂತರ ನೋಂದಣಿ ಇರುವ ಇನ್ನೊಂದು ಸಂಸ್ಥೆ ತಾನು ಪಡೆದು ನಿಮಗೆ ದಾಟಿಸುವಂತೆಯೂ ಇಲ್ಲ.

ಅಕ್ಕಿಯ ಚೀಲದೊಳಗೆ ಕರಪತ್ರ ಇಡಬೇಡಿ. ಮತ್ತಾಯ 25:35ರಲ್ಲಿ ಹಸಿದವನಿಗೆ ಕೊಟ್ಟದ್ದು ಊಟ ಮಾತ್ರ.

ಪ್ರಕಟನೆ 8:11ರ "ಮಾಚಿಪತ್ರೆ" ನಕ್ಷತ್ರವೇ ಚೆರ್ನೊಬಿಲ್ ಅಂತೆ. ಅದೇ ಅರ್ಥವಂತೆ?
ವಾಚಕರು, ಮೈಸೂರು

1986ರ ಏಪ್ರಿಲ್ 26ರಂದು ಅಲ್ಲಿನ ಅಣುವಿದ್ಯುತ್ ಸ್ಥಾವರ ಸ್ಫೋಟಿಸಿದ ನಂತರ ಹುಟ್ಟಿದ ಮಾತಿದು. ಉಕ್ರೇನಿನ ಆ ಊರಿನ ಹೆಸರು ಮಾಚಿಪತ್ರೆಯ ಕುಲದ್ದೇ ಆದ ಇನ್ನೊಂದು ಗಿಡದ್ದು. ಪ್ರಕಟನೆಯ ಕಹಿ ಗಿಡ ಬೇರೆ. ಹೆಸರು ಬಿಡಿ, ವಚನದಲ್ಲಿ ಆಕಾಶದಿಂದ ನಕ್ಷತ್ರ ಬಿದ್ದು ನೀರಿನ ಮೂರರಲ್ಲೊಂದು ಪಾಲು ಕಹಿಯಾಗುತ್ತದೆ. ರಿಯಾಕ್ಟರ್ ಆಕಾಶದಿಂದ ಬಿದ್ದದ್ದಲ್ಲ. ಮಾಚಿಪತ್ರೆಯ ಕಹಿ ಯೆರೆಮೀಯ 9:15ರಿಂದ ಬಂದದ್ದು, ಅಲ್ಲಿಂದ ಓದಿದರೆ ಅರ್ಥ ಬಿಡಿಸಿಕೊಳ್ಳುತ್ತದೆ.

ನೆರೆಯಲ್ಲಿ ಗಂಡ, ಮಗು ಇಬ್ಬರನ್ನೂ ಕಳೆದುಕೊಂಡ ಸಹೋದರಿಯೊಬ್ಬರು "ನನಗೆ ಪ್ರಾರ್ಥನೆ ಬರುತ್ತಿಲ್ಲ" ಎನ್ನುತ್ತಾರೆ. ಏನು ಹೇಳಲಿ?
ವಾಚಕಿ, ಚಿಕ್ಕಮಗಳೂರು

ಏನೂ ಹೇಳಬೇಡಿ. ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂತರು (2:13). ಅವರು ಕೆಟ್ಟದ್ದು ಎಂಟನೇ ದಿನ ಬಾಯಿ ತೆರೆದ ಮೇಲೆ. "ದೇವರ ಚಿತ್ತ", "ಮಗು ಒಳ್ಳೆಯ ಕಡೆ ಹೋಯಿತು", "ಇನ್ನೂ ವಯಸ್ಸಿದೆ" ಈ ಮೂರೂ ನಿಮ್ಮ ಬಾಯಿಂದ ಬರದಿರಲಿ. ಆಕೆಗೆ ಪ್ರಾರ್ಥನೆ ಬಾರದಿದ್ದರೆ ನೀವು ಆಕೆಯ ಬದಲು ಕೀರ್ತನೆ 88 ಓದಿ. ಅದು ಕತ್ತಲೆ ಎಂಬ ಮಾತಿನಲ್ಲೇ ಮುಗಿಯುತ್ತದೆ, ಸಮಾಧಾನದ ಬಾಲ ಅದಕ್ಕಿಲ್ಲ. ಅದೂ ದೇವರ ವಾಕ್ಯವೇ.

ಕೈಕೆಲಸ ಬಹಳ ಇದೆ. ಮರಣ ಪ್ರಮಾಣಪತ್ರ, ವಿಪತ್ತು ಪರಿಹಾರ ನಿಧಿಯಿಂದ ತಲೆಗೆ ಬರುವ 4 ಲಕ್ಷ ರೂಪಾಯಿ, ಗಂಡನ ಬ್ಯಾಂಕ್ ಖಾತೆಯ ನಾಮಿನಿ. ತಹಶೀಲ್ದಾರ್ ಕಚೇರಿಯ ಸಾಲಿನಲ್ಲಿ ಆಕೆಯ ಜೊತೆ ನಿಲ್ಲುವ ಒಬ್ಬರು ಬೇಕು. ನಿದ್ದೆ, ಊಟ ಬಿಟ್ಟು ವಾರಗಳಾದರೆ ಟೆಲಿ ಮನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ಶುಲ್ಕವಿಲ್ಲ. ಜನ ಬರುವುದು ಮೊದಲ ಹತ್ತು ದಿನ. ನೀವು ನಲವತ್ತನೇ ದಿನ, ಮಗುವಿನ ಹುಟ್ಟುಹಬ್ಬದ ದಿನ, ಮುಂದಿನ ಮುಂಗಾರಿನ ಮೊದಲ ಜೋರು ಮಳೆಯ ರಾತ್ರಿ ಹೋಗಿ.

ಗುಡುಗು ಸಿಡಿಲಿಗೆ ಚರ್ಚಿನ ಗಂಟೆ ಬಾರಿಸಿದರೆ ಸಿಡಿಲು ತಾಗುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದರು. ಬಾರಿಸಬಹುದೇ?
ವಾಚಕರು, ಮಂಗಳೂರು

ದಯವಿಟ್ಟು ಬೇಡ. ಯೂರೋಪಿನಲ್ಲಿ ಶತಮಾನಗಟ್ಟಲೆ ಈ ರೂಢಿ ಇತ್ತು, "ಸಿಡಿಲನ್ನು ಮುರಿಯುತ್ತೇನೆ" ಎಂದು ಗಂಟೆಗಳ ಮೇಲೆಯೇ ಲ್ಯಾಟಿನಿನಲ್ಲಿ ಕೆತ್ತಿಸುತ್ತಿದ್ದರು. ಊರಿಗೆಲ್ಲ ಎತ್ತರದ ಗೋಪುರ, ಒದ್ದೆ ಹಗ್ಗ, ಅದನ್ನು ಹಿಡಿದ ಮನುಷ್ಯ. ಗಂಟೆ ಬಾರಿಸುವವರು ಹಲವರು ಹೀಗೇ ಸತ್ತರು, ಕೊನೆಗೆ ಸರಕಾರಗಳೇ ನಿಷೇಧಿಸಬೇಕಾಯಿತು. ನಿಮ್ಮ ಗೋಪುರಕ್ಕೆ ಬೇಕಾದದ್ದು ಮಿಂಚುವಾಹಕ. ಇದ್ದರೆ ಪ್ರತಿ ಏಪ್ರಿಲ್‌ನಲ್ಲಿ ಎಲೆಕ್ಟ್ರಿಷಿಯನ್ ಕರೆಸಿ: ತುದಿಯಿಂದ ನೆಲದವರೆಗೆ ತಾಮ್ರದ ಪಟ್ಟಿ ಎಲ್ಲೂ ತುಂಡಾಗಿರಬಾರದು, ಅರ್ಥಿಂಗ್ ಗುಂಡಿಯ ರೋಧ 10 ಓಮ್‌ಗಿಂತ ಕಡಿಮೆ ಇರಬೇಕು. ಸಾಮಾನ್ಯವಾಗಿ ಕೈಕೊಡುವುದು ಮೂರು ಕಡೆ: ಉಪ್ಪುಗಾಳಿಗೆ ತಿಂದುಹೋದ ಬೋಲ್ಟು, ಬೇಸಿಗೆಗೆ ಒಣಗಿದ ಗುಂಡಿ, ಯಾರೋ ಗುಜರಿಗೆ ಕಿತ್ತುಕೊಂಡು ಹೋದ ಪಟ್ಟಿ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಆರಾಧನೆಗೆ ಬಂದವರನ್ನು ಅಂಗಳದಿಂದ ಒಳಗೆ ಕರೆಯಿರಿ, ಮೈಕಿನ ವೈರ್ ಕೀಳಿಸಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಯಾರನ್ನೂ ಮನೆಗೆ ಬಿಡಬೇಡಿ. ಅಷ್ಟು ಹೊತ್ತು ಪ್ರಸಂಗ ಮುಂದುವರಿಸಲು ಪಾಸ್ಟರ್ ಅವರಿಗೆ ಅಡ್ಡಿ ಇರಲಿಕ್ಕಿಲ್ಲ.